ಏಳು ಕೊಳವೆ ಅವನದು

ಎಲ್ ಆಲ್ತೊದ ಗುರುವಾರದ ಸಂತೆಯಲ್ಲಿ ಕೊಂಡದ್ದು,
ಸತ್ತ ರೇಡಿಯೊ, ಗೊಂಬೆಯ ಬಿಡಿ ಕಾಲು, ಟಿವಿ ರಿಮೋಟುಗಳ ನಡುವೆ:
ಎಂಟು ಟ್ರ್ಯಾಕಿನ ಡಿಜಿಟಲ್ ರೆಕಾರ್ಡರು,
ಇಟ್ಟಿಗೆಯಷ್ಟೇ ಉದ್ದ, ಇಟ್ಟಿಗೆಗಿಂತ ಹಗುರ.
ಮೂರನೇ ಗುಂಡಿ ಒತ್ತಿದರೆ ಮೇಲೇಳುವುದಿಲ್ಲ.
ಅದಕ್ಕೇ ಇನ್ನೂರು ಬೊಲಿವಿಯಾನೊ ಇಳಿಸಿದಳು ಮುದುಕಿ.
ನನಗೆ ಬೇಕಾದ್ದು ಎರಡೇ.

ನಿಮಗೆ ಗೊತ್ತಿಲ್ಲದಿರಬಹುದು, ಹೇಳುತ್ತೇನೆ:
ನಮ್ಮ ಸೀಕು ಒಂದು ವಾದ್ಯವಲ್ಲ, ಒಂದರ ಎರಡು ಹೋಳು.
ಇರಾದಲ್ಲಿ ಆರು ಕೊಳವೆ, ಆರ್ಕಾದಲ್ಲಿ ಏಳು.
ಒಂದು ಸ್ವರ ಇಲ್ಲಿ, ಮುಂದಿನದು ಅಲ್ಲಿ,
ಅದರ ಮುಂದಿನದು ಮತ್ತೆ ಇಲ್ಲಿ,
ಏಣಿಯ ಮೆಟ್ಟಿಲುಗಳನ್ನು ಇಬ್ಬರು ದಾಯಾದಿಗಳು
ಒಂದು ಬಿಟ್ಟು ಒಂದು ಹಂಚಿಕೊಂಡ ಹಾಗೆ.

ಗಾಳಿ ತೆಳು ಇಲ್ಲಿ, ನಾಲ್ಕು ಸಾವಿರ ಮೀಟರು.
ಒಬ್ಬ ಊದುವಾಗ ಇನ್ನೊಬ್ಬ ಉಸಿರೆಳೆದುಕೊಳ್ಳಲಿ ಅಂತಲೇ
ಹಿರಿಯರು ಹೀಗೆ ಸೀಳಿದರು ಅನ್ನುತ್ತಾರೆ.
ನಾನಂತೂ ಕೇಳಿಲ್ಲ ಹಿರಿಯರನ್ನು.

ನನ್ನದು ಇರಾ. ಆರ್ಕಾ ಇಲಾರಿಯೊನದು,
ಇಪ್ಪತ್ತೆರಡು ವರ್ಷದಿಂದ.
ಮಾತು ಬಿಟ್ಟಿದ್ದೇವೆ ಆಗಸ್ಟಿನಲ್ಲಿ:
ನಾನು ತೇಪೆ ಹಾಕಿದ ಟೈರು
ಅವನ ಮಿನಿಬಸ್ಸಿನಡಿ ಸಿಡಿದು
ಹದಿಮೂರು ಮಂದಿ ರಸ್ತೆಯ ಪಕ್ಕ ಚಳಿಗೆ ನಿಂತು
ಫೌಸ್ತಿನೊ ಕಿಸ್ಬೆರ್ಟ್ ಅಂತ ಪೂರ್ತಿ ಹೆಸರು ಹಿಡಿದು ಬೈದರಂತೆ.
ಹೆಸರು ಹೇಳಿಕೊಟ್ಟವನು ಅವನೇ.
ತೇಪೆ ಸರಿಯಿತ್ತು. ಟೈರಿಗೇ ವಯಸ್ಸಾಗಿತ್ತು.
ಇದನ್ನು ಹೇಳುತ್ತಲೇ ಇದ್ದೇನೆ, ಕೇಳದ ಗಿರಾಕಿಗಳಿಗೆ.

ಅಂಗಡಿಯ ಶಟರು ಎಳೆದು, ಕಂಪ್ರೆಸರ್ ಆರಿಸಿ,
ಮೂರು ಕಂಬಳಿ ನೇತುಹಾಕಿ
ಮೊದಲ ಟ್ರ್ಯಾಕಿಗೆ ಇರಾ ಊದಿದೆ.
ಕೆಂಪು ದೀಪ. ಕಿವಿಯಲ್ಲಿ ಟಕ್ ಟಕ್ ಎಣಿಕೆ.
ಹಲ್ಲುದುರಿದ ಬಾಯಿಂದ ಮಾತು ಬಂದ ಹಾಗೆ
ಅರ್ಧ ರಾಗ.

ಆಮೇಲೆ ಆರ್ಕಾ, ಮಗನ ಶಾಲೆಯಿಂದ ಕಡ ತಂದದ್ದು.
ನನ್ನನ್ನೇ ಕೇಳಿಸಿಕೊಳ್ಳುತ್ತ
ನನ್ನ ಸಂದುಗಳಲ್ಲಿ ನಾನೇ ಹೋಗಿ ಕೂತೆ.
ಹತ್ತೊಂಬತ್ತು ಸಲ ತಪ್ಪಿತು, ಒಂದು ಸಲ ನಾಯಿಯಿಂದ.
ಹತ್ತೊಂಬತ್ತು ಸಲವೂ ಮರುಮಾತಿಲ್ಲದೆ
ಅಳಿಸಿಕೊಟ್ಟಿತು ಪೆಟ್ಟಿಗೆ.
ಇಲಾರಿಯೊ ಆಗಿದ್ದರೆ ಎರಡನೆಯದಕ್ಕೇ ಮುಖ ಸಿಂಡರಿಸುತ್ತಿದ್ದ.

ಇಪ್ಪತ್ತನೆಯದು ಹೊಂದಿತು.
ಕೂದಲಷ್ಟೂ ಹಿಂದುಮುಂದಿಲ್ಲ.
ಚೌಕಟ್ಟಿಗೆ ಬಾಗಿಲು ಕೂತ ಹಾಗೆ ಕೂತಿದೆ,
ಗಾಳಿ ನುಸುಳಲೂ ಜಾಗವಿಲ್ಲ.
ಬ್ಯಾಟರಿ ಮುಗಿಯುವ ತನಕ ಕೇಳಿದೆ.
ಏನೋ ಸರಿಯಿಲ್ಲ.

ಅವನು ಯಾವಾಗಲೂ ಸ್ವಲ್ಪ ಬೇಗ ಬರುತ್ತಾನೆ,
ನನ್ನ ಸ್ವರದ ಬಾಲ ಇನ್ನೂ ಹೊಸ್ತಿಲ ಮೇಲಿರುವಾಗಲೇ
ಕದ ತಳ್ಳುವವನ ಹಾಗೆ.
ಇಪ್ಪತ್ತೆರಡು ವರ್ಷ ಬೈದಿದ್ದೇನೆ ಅದಕ್ಕೆ.

ಹೊಸ ಬ್ಯಾಟರಿ ಹಾಕಿ, ಎರಡನೇ ಟ್ರ್ಯಾಕನ್ನು ಮುಂಚೆಗೆ ಸರಿಸಿದೆ.
ಗುಂಡಿಯಲ್ಲಿ ಅದೂ ಆಗುತ್ತದೆ, ಮಿಲಿಸೆಕೆಂಡಿನ ಲೆಕ್ಕ:
ಹತ್ತು, ಇಪ್ಪತ್ತು, ಮೂವತ್ತೈದು.
ಎಲ್ಲ ಸ್ವರಗಳೂ ಒಂದೇ ಅಳತೆಯಲ್ಲಿ ಬೇಗ ಬಂದವು,
ಸಮವಸ್ತ್ರ ತೊಟ್ಟು.
ಅವನು ಹಾಗಲ್ಲ. ಕೆಲವಕ್ಕೆ ನುಗ್ಗುತ್ತಾನೆ, ಕೆಲವಕ್ಕೆ
ನುಗ್ಗುವ ಹಾಗೆ ಮಾಡಿ ನಿಲ್ಲುತ್ತಾನೆ.

ಭಾನುವಾರ, ಲಾ ಸೇಹಾ ನಿಲ್ದಾಣ. ಮಿನಿಬಸ್ಸಿನ ಕಿಟಕಿಯೊಳಗೆ
ಹೆಡ್‌ಫೋನು ಚಾಚಿದೆ. ಮಾತಾಡಲಿಲ್ಲ.
ಟೋಪಿಯ ಮೇಲೆಯೇ ಹಾಕಿಕೊಂಡ.
ಹಿಂದೆ ಸಾಲು ನಿಂತ ಬಸ್ಸುಗಳೆಲ್ಲ ಹಾರ್ನು ಹೊಡೆದವು.
ಕಡೆತನಕ ಕೇಳಿ, ತೆಗೆದು,
"ಯಾರವನು?" ಅಂದ.
"ಯಾರು?"
"ನನ್ನ ಏಳನ್ನು ಊದಿದವನು. ಸ್ಕೇಲಿಟ್ಟು ಗೆರೆ ಎಳೆದ ಹಾಗಿದೆ.
ಉಸಿರೇ ಇಲ್ಲ ಬಡ್ಡಿಮಗನಿಗೆ."
"ಸಿಕ್ಕಿದ ಒಬ್ಬ," ಅಂದೆ.
"ಅಳಿಸು."

ಅವನ ಹಿಂದಿನ ಎಡ ಟೈರಿನಲ್ಲಿ ಗಾಳಿ ಕಡಿಮೆಯಿತ್ತು.
ನೋಡಿದೆ. ನಾನು ನೋಡಿದ್ದನ್ನು ಅವನೂ ನೋಡಿದ.

ಎರಡನೇ ಟ್ರ್ಯಾಕು ಆರಿಸಿ, ಒತ್ತಿದೆ.
ಖಂಡಿತವೇ? ಅಂತ ಕೇಳಿತು ಪರದೆ.
ಇಬ್ಬರೂ ಒಟ್ಟಿಗೇ ಹೌದು ಅಂದೆವು,
ಅವನು ಸ್ವಲ್ಪ ಬೇಗ.